ರುಚಿ ನೋಡದ ಗಿರಾಕಿಗಳು

ತರಬೇತಿ ಕೊಡುವ ಮೇಡಂ ಕಾರಿನ ಡಿಕ್ಕಿ ತೆಗೆದಾಗ, ಒಳಗೆ ನಮ್ಮ ಮಹಿಳಾ ಸಂಘದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣಗಳೇ ತುಂಬಿದ್ದವು. ಅಂದು ಕೆಂಭಾವಿ ಸಂತೆಯಲ್ಲಿ ನಾವು ಮೊದಲ ಸಲ ಅಂಗಡಿ ಹಾಕಿದ್ದೆವು. ಮಧ್ಯಾಹ್ನದೊಳಗೆ ಎಲ್ಲ ಖಾಲಿ. ರುಚಿ ನೋಡದೆ, ಚೌಕಾಶಿ ಮಾಡದೆ ಒಯ್ಯುವ ಗಿರಾಕಿಗಳು ನಮ್ಮ ಕಡೆ ಎಲ್ಲಿಂದ ಬಂದರೆಂದು ನನಗೆ ಆಗಲೇ ಅನುಮಾನವಿತ್ತು.

"ಇವು ಇಲ್ಲಿ ಹ್ಯಾಂಗ ಬಂದುವ್ರಿ ಮೇಡಂ?" ಎಂದು ಕೇಳಿದೆ.

"ನಿಮಗ ಹುರುಪು ಬರ್ಲಿ ಅಂತ ನಮ್ಮ ಮಂದಿ ಕಳಿಸಿ ತರ್ಸೀನ್ರಿ ಅಕ್ಕ" ಅಂದರು.

ಮುಂದಿನ ವಾರ ಅವರಿಗೆ ತಿಳಿಸದೆ ಕಕ್ಕೇರಾ ಸಂತೆಗೆ ಹೋದೆವು. ವ್ಯಾಪಾರ ಅಷ್ಟಕ್ಕಷ್ಟೇ. ಒಬ್ಬ ಅಜ್ಜಿ ಚಿಟಿಕೆ ಹಿಂಡಿ ಬಾಯಿಗೆ ಹಾಕಿಕೊಂಡು, "ಉಪ್ಪು ಭಾಳ ಆಗ್ಯಾದ" ಎಂದು ಮುಖ ಕಿವುಚಿ ಹೋದಳು. ನಾನೂ ಬಾಯಿಗೆ ಹಾಕಿಕೊಂಡು ನೋಡಿದೆ, ನಿಜವೇ. ಕಾರು ತುಂಬ ಕೊಂಡ ಮೇಡಂ ಅದೊಂದನ್ನು ಹೇಳಿರಲಿಲ್ಲ.