ಜನಿವಾರಕ್ಕೆ ಕಟ್ಟಿದ ಕೀಲಿಕೈ

ಮುಂಬಯಿಗೆ ಬಂದು ಒಂದೂವರೆ ವರ್ಷವಾದರೂ ನನಗೆ ಕಾಯಂ ಕೆಲಸವಿರಲಿಲ್ಲ. ಸಯನ್‌ನಲ್ಲಿ ಸೋದರಮಾವನ ಚಾಳಿನ ಖೋಲಿಯಲ್ಲಿ ಬಿದ್ದುಕೊಂಡಿದ್ದೆ. ಹೆಂಡತಿ ಕೂಸಿನೊಂದಿಗೆ ಧಾರವಾಡದ ತವರಿನಲ್ಲಿದ್ದಳು. ಕೆಲಸ ಸಿಕ್ಕರೆ ಇಬ್ಬರನ್ನೂ ಕರೆಸಿಕೊಳ್ಳುವುದು, ಇಲ್ಲದಿದ್ದರೆ ಇಲ್ಲ.

ಅಂತೂ ಮುಲುಂಡಿನ ಒಂದು ಔಷಧದ ಗೋದಾಮಿನಿಂದ ಕರೆ ಬಂತು. ಅಂಗಡಿಗಳಿಗೆ ಔಷಧ ಮುಟ್ಟಿಸುವ ಕೆಲಸ. ಹನ್ನೊಂದು ಗಂಟೆಗೆ ಸ್ವಂತ ಸೈಕಲ್ ಸಮೇತ ಹಾಜರಾಗಬೇಕು. ಊರಿನಿಂದ ತಂದ ಸೈಕಲ್ಲೊಂದು ನನ್ನಲ್ಲಿತ್ತು. ನನ್ನದೆಂದು ಹೇಳಿಕೊಳ್ಳಲು ಇದ್ದದ್ದೂ ಅದೊಂದೇ.

"ಲೋಕಲ್ ಗಾಡಿ ಲಗೇಜ್ ಡಬ್ಬ್ಯಾಗ ಕಣ್ಣ ಮುಚ್ಚಿ ತಗಿಯೂದ್ರಾಗ ಸೈಕಲ್ ಮಾಯ ಆಗ್ತದ," ಎಂದರು ಮಾವ. "ಡಬ್ಬಿ ಕಬ್ಬಿಣದ ಸಳಿಗೆ ಸರಪಳಿ ಸುತ್ತಿ ಕೀಲಿ ಹಾಕು. ಕೀಲಿಕೈ ಜನಿವಾರಕ್ಕ ಕಟ್ಕೋ. ಕಿಸೆ ನಂಬಬ್ಯಾಡ."

ಹಿಂದಿನ ದಿನವೇ ಕಟ್ಟಿಕೊಂಡೆ. ಮರುದಿನ ನೂಲಹುಣ್ಣಿಮೆ, ಜನಿವಾರ ಬದಲಿಸುವ ದಿನ. ಒಳ್ಳೇ ದಿನವೇ ಕರೆದಿದ್ದಾರೆಂದು ಹಿಗ್ಗಿದೆ, ಹುಚ್ಚಪ್ಪ! ಬೆಳಿಗ್ಗೆ ಗುಡಿಗೆ ಹೋಗಿ ಹೊಸದನ್ನು ಹಾಕಿಕೊಂಡು, ಹಳೆಯದನ್ನು ತೆಗೆದು ಎಲ್ಲರಂತೆ ನೀರಿನ ಹಂಡೆಗೆ ಹಾಕಿದೆ. ಕಣ್ಣೆಲ್ಲ ಗಡಿಯಾರದ ಮೇಲಿತ್ತು. ಖೋಲಿಗೆ ಬಂದು ಅಂಗಿ ತೊಟ್ಟು, ಸೈಕಲ್ ಹಿಡಿದು ಸ್ಟೇಷನ್ನಿಗೆ ಓಡಿದೆ. ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಸೈಕಲ್ಲಿಗೂ ಕಬ್ಬಿಣದ ಸಳಿಗೂ ಸೇರಿಸಿ ಸರಪಳಿ ಸುತ್ತಿ ಬೀಗ ಒತ್ತಿದೆ. ಕುರ್ಲಾದ ನೂಕುನುಗ್ಗಲಿನಲ್ಲೂ ಯಾರೂ ಅದನ್ನು ಮುಟ್ಟಲಿಲ್ಲ.

ಭಾಂಡುಪ್ ದಾಟಿದ ಮೇಲೆ ಅಂಗಿಯೊಳಗೆ ಕೈ ಹಾಕಿದೆ. ಅರಿಸಿನ ಹಚ್ಚಿದ ಹೊಸ ನೂಲು ಸಿಕ್ಕಿತು. ಕೀಲಿಕೈ ಹಳೆಯದರ ಜೊತೆಗೇ ಹಂಡೆ ಸೇರಿತ್ತು.

ಮುಲುಂಡ್ ಬಂತು. ಸರಪಳಿ ಜಗ್ಗಿದೆ, ಬೀಗಕ್ಕೆ ಚಪ್ಪಲಿಯಿಂದ ಬಡಿದೆ. "ಅರೇ, ಚಾವಿ ಕಿಧರ್ ಹೈ?" ಎಂದಳು ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನು ಮಾರುವ ಮುದುಕಿ. ಕೀಲಿಕೈ ಎಲ್ಲಿ ಅಂದರೆ, ಗುಡಿಯ ಹಂಡೆಯಲ್ಲಿ! ಇಳಿದುಬಿಟ್ಟರೆ ಸೈಕಲ್ ಹೋಯಿತು, ಸೈಕಲ್ ಇಲ್ಲದವನಿಗೆ ಅಲ್ಲಿ ಕೆಲಸವೂ ಇಲ್ಲ. ಇಳಿಯಲಿಲ್ಲ. ಗಾಡಿ ಹೊರಟಿತು. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಅಳುವುದೊಂದು ಬಾಕಿ.

ಕಲ್ಯಾಣದಲ್ಲಿ ಒಬ್ಬ ಹಮಾಲ ಕಲ್ಲು ತಂದು ಕುಟ್ಟಿದ. ಬೀಗ ಎರಡೇ ಏಟಿಗೆ ಬಿಚ್ಚಿಕೊಂಡಿತು. ಇಂಥದ್ದನ್ನು ನಂಬಿದ್ದೆ, ಥೂ!

ಮುಲುಂಡಿಗೆ ಮರಳುವಾಗ ಒಂದು ಗಂಟೆ ದಾಟಿತ್ತು. ಗೋದಾಮಿನ ಮುಂದೆ ಬೇರೊಬ್ಬ ಆಗಲೇ ತನ್ನ ಕ್ಯಾರಿಯರಿಗೆ ಔಷಧದ ಪೆಟ್ಟಿಗೆ ಕಟ್ಟುತ್ತಿದ್ದ. ನಾನು ಯಾರೆಂದು ಅವನಿಗೇನು ಗೊತ್ತು? ಹಗ್ಗದ ತುದಿ ಹಿಡಿಯೆಂದು ಕೈಗೆ ಕೊಟ್ಟ. ಹಿಡಿದುಕೊಂಡು ನಿಂತೆ.

ಹೆಂಡತಿಗೆ ಕಾರ್ಡು ಬರೆದೆ, ಈ ಸಲವೂ ಆಗಲಿಲ್ಲವೆಂದು. ಕೀಲಿಕೈಯ ಸಂಗತಿ ಬರೆಯಲು ನಾಚಿಕೆಯಾಯಿತು. ಹದಿನೈದು ದಿನದ ಮೇಲೆ ಅವಳ ಕಾಗದ ಬಂತು. ಒಂದು ಮಾತೂ ಬೈದಿರಲಿಲ್ಲ. "ಕೂಸಿಗೆ ಮಾತು ಬಂದಾವ," ಎಂದು ಬರೆದಿದ್ದಳು. "ನಮ್ಮಣ್ಣಗ ಅಪ್ಪ ಅಂತದ. ನಾ ತಿದ್ದಲಿಲ್ಲ."