ಪೂಜೆಯಲ್ಲೇ ಪಾಸಾಗುತ್ತಿದ್ದ ಬೈಕು

ರಿಸೆಷನ್ನಿನಲ್ಲಿ ಕೆಲಸ ಕಳೆದುಕೊಂಡ ಮಗ ಕಾರು ಮಾರಿ, ಗುಡ್ಡಗಾಡು ಸುತ್ತುವ ಎತ್ತರದ ಹಳೇ ಬೈಕನ್ನು ಮಾತ್ರ ಇಟ್ಟುಕೊಂಡ. ಡೆಟ್ರಾಯಿಟ್‌ನಲ್ಲಿ ಸಿಕ್ಕ ಹೊಸ ಕೆಲಸಕ್ಕೆ ನಮ್ಮ ಮನೆಯಿದ್ದ ಬೋಲಿಂಗ್‌ಬ್ರೂಕಿನಿಂದ ಅದರಲ್ಲೇ ಹೊರಟು ನಿಂತ, ವಾರಾಂತ್ಯಕ್ಕೆ ಬಂದುಹೋಗುವ ಲೆಕ್ಕದಲ್ಲಿ.

“ವರ್ಷದ ತಪಾಸಣೆ ಆಗಿದ್ಯೇನೋ?” ಎಂದೆ.

“ಇಲ್ಲಿ ಬೈಕಿಗೆ ಅದೆಲ್ಲ ಇಲ್ಲಮ್ಮ. ಲೆಮಾಂಟ್ ದೇವಸ್ಥಾನದಲ್ಲಿ ಆಯುಧಪೂಜೆ ಮಾಡ್ಸ್ತೀನಲ್ಲ, ಪ್ರತಿ ವರ್ಷ ಅಲ್ಲೇ ಪಾಸು!” ಎಂದು ನಕ್ಕ.

ನನಗೆ ಮೈಯೆಲ್ಲ ಉರಿಯಿತು. ಊರಿನಲ್ಲಿ ನಮ್ಮ ಯಜಮಾನರ ಡಕೋಟಾ ಲಾರಿಯನ್ನೂ ಆರ್‌ಟಿಓದವರು ವರ್ಷಕ್ಕೊಮ್ಮೆ ನಿಲ್ಲಿಸಿ ನೋಡುತ್ತಿದ್ದರು. ಇಲ್ಲಿ ಕೇಳುವವರೇ ಇಲ್ಲ! ನಾನೇ ಬಗ್ಗಿ ನೋಡಿದೆ. ಟ್ಯಾಂಕಿನ ಮೇಲೆ ಕುಂಕುಮ ಢಾಳಾಗಿತ್ತು, ಹಿಂದಿನ ಟೈರು ಸವೆದು ಬೋಳಾಗಿತ್ತು.

“ಕುಂಕುಮ ರೋಡ್ ಹಿಡ್ಕೊಳ್ಳತ್ತೇನೋ? ಮನೇಲಿ ಎರಡು ಮಕ್ಕಳಿವೆ!” ಎಂದು ಬೈದು, ಬೈಕಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಹೊಸ ಟೈರು ಹಾಕಿಸುವವರೆಗೆ ಅವನು ಬಸ್ಸಿನಲ್ಲೇ ಹೋದ. ಮುಖ ಊದಿಸಿಕೊಂಡು ಹೋದ, ವಾರಾಂತ್ಯಕ್ಕೆ ಇಡಿಯಾಗಿ ವಾಪಸ್ ಬಂದ.