ಥಪ್ಪಿಯ ಅಡಿಯ ಹಲಸು

ಗೋವಾದ ಕುಂಡಯಿ ಹತ್ತಿರದ ಸಾಮಿಲ್ಲಿನಲ್ಲಿ ನಾನೂ ನನ್ನ ಹೆಂಡತಿಯೂ ಹಲಗೆ ಹೊರುವ ಜೋಡಿ. ಒಂದು ತುದಿ ನನ್ನ ಹೆಗಲಿಗೆ, ಇನ್ನೊಂದು ಅವಳ ಹೆಗಲಿಗೆ. ಮುಂದೆ ಹೋಗುವ ನನಗೆ ಹಿಂದಿನದು ಕಾಣುವುದಿಲ್ಲ, ಆದ್ದರಿಂದ ಇಳಿಸುವ ಮಾತು ಹಿಂದಿನವರದು. ಅವಳು ‘ಹಾಂ’ ಎಂದಾಗ ಇಬ್ಬರೂ ಒಟ್ಟಿಗೆ ಹೆಗಲು ಜಾರಿಸಬೇಕು. ಒಬ್ಬರು ಮೊದಲೇ ಬಿಟ್ಟರೆ ಇನ್ನೊಬ್ಬರ ಕುತ್ತಿಗೆಗೆ ಬರುತ್ತದೆ. ಮದುವೆಯಾದ ಹೊಸತರಲ್ಲಿ ಹಗಲು ಹೊತ್ತು ನಮ್ಮ ನಡುವೆ ನಡೆದ ಸಂಸಾರದ ಮಾತೆಲ್ಲ ಈ ‘ಹಾಂ’ ಒಂದೇ.

ಕೊಯ್ದ ಹಸಿ ಹಲಗೆಗಳನ್ನು ಥಪ್ಪಿ ಒಟ್ಟುವುದಕ್ಕೂ ಒಂದು ಕ್ರಮವಿದೆ. ಒಂದು ಸಾಲು ಹಲಗೆ, ಮೇಲೆ ಅಡ್ಡಲಾಗಿ ತೆಳು ರೀಪು, ಮತ್ತೆ ಹಲಗೆ. ನಡುವೆ ಗಾಳಿ ಆಡದಿದ್ದರೆ ಗೋವಾದ ಮಳೆಗೆ ಮರ ಬೂಷ್ಟು ಹಿಡಿಯುತ್ತದೆ. ಎಲ್ಲಕ್ಕಿಂತ ಅಡಿಯಲ್ಲಿಟ್ಟದ್ದು ಮೇಲಿನ ಭಾರಕ್ಕೆ ಡೊಂಕಾಗದೆ ಒಣಗುತ್ತದೆ, ಕಡೆಗೆ ಹೊರಬರುತ್ತದೆ. ಅವಳು ಬಸುರಿ ಎಂದು ತಿಳಿದಾಗ ಮಾಲೀಕರನ್ನು ಕೇಳಿ, ಹೊಸ ಥಪ್ಪಿಯ ಅಡಿಗೆ ಹಲಸಿನ ಹಲಗೆಗಳನ್ನು ಇಟ್ಟೆ. ತೊಟ್ಟಿಲಿಗೆ ಹಲಸಿನಂಥ ಮರ ಇನ್ನೊಂದಿಲ್ಲ ಎನ್ನುವುದು ನನ್ನ ಹಟ. ಭಾರ ಎತ್ತಲು ಅವಳನ್ನು ಬಿಡಲಿಲ್ಲ. ಮೇಲೆ ರೀಪು ಇಟ್ಟವಳು ಅವಳೇ.

ಆದರೂ ಅವಳಿಗೆ ಅಂಜಿಕೆ. “ಕೂಸು ಹುಟ್ಟೂಕಿಂತ ಮೊದಲ ತೊಟ್ಟಲಾ ಮಾಡಬಾರದ್ರಿ,” ಅಂದಳು.

“ನಾ ಎಲ್ಲಿ ತೊಟ್ಟಲಾ ಮಾಡೇನಿ? ಕಟಿಗಿ ಒಣಗಾಕತ್ತೈತಿ, ಅಷ್ಟ.”

ಪಕ್ಕದ ಖೋಲಿಯ ಮುದುಕಿ ಕೇಳಿಸಿಕೊಂಡು ನಕ್ಕಳು. “ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ, ನಿಮ್ಮಂಥೋರು.” ನಾವೂ ನಕ್ಕೆವು. ಆಮೇಲೆ ಥಪ್ಪಿಯ ಪಕ್ಕ ಹಾದಾಗಲೆಲ್ಲ ಹೆಂಡತಿ ಬಗ್ಗಿ ಆ ಹಲಗೆಗಳ ತುದಿ ಮುಟ್ಟಿ, “ಇನ್ನೂ ಹಸೀನ ಐತಿ,” ಅನ್ನುತ್ತಿದ್ದಳು.

ಚೊಚ್ಚಲ ಹೆರಿಗೆ ತವರಿನಲ್ಲಿ. ವಿಜಾಪುರದ ಕಡೆಯ ಅವಳ ಊರಿಗೆ ಬಿಟ್ಟು ಬಂದೆ. ಆಗ ನಮ್ಮ ಕೈಯಲ್ಲಿ ಮೊಬೈಲ್ ಇರಲಿಲ್ಲ. ಮಾವ ಮಿಲ್ಲಿನ ಆಫೀಸಿಗೆ ಫೋನು ಮಾಡಿದರು. ಹೆಣ್ಣು ಕೂಸು, ಹುಟ್ಟುವಾಗಲೇ ಉಸಿರಿರಲಿಲ್ಲ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿದ್ದರು. ಮಗಳ ಮುಖ ನಾನು ನೋಡಲೇ ಇಲ್ಲ.

ಇಬ್ಬರೂ ಗೋವಾಕ್ಕೆ ಮರಳಿದ ಮೇಲೆ ಖೋಲಿಗಳ ಸಾಲಿನಲ್ಲಿ ಆ ಹಲಗೆಗಳ ಬಗ್ಗೆ ಗುಸುಗುಸು ಶುರುವಾಯಿತು. ನನಗೆ ಸಿಟ್ಟು ನೆತ್ತಿಗೇರಿತು. ಕಟ್ಟಿಗೆಗೆ ಕೂಸು ತಿನ್ನುವ ಶಕ್ತಿಯಿದ್ದರೆ ಸಾಮಿಲ್ಲಿನ ಒಬ್ಬರ ಮನೆಯಲ್ಲೂ ಮಕ್ಕಳಿರುತ್ತಿರಲಿಲ್ಲ ಎಂದು ಜಗಳಕ್ಕೇ ಹೋದೆ. ಮುದುಕಿ ಮಾತ್ರ ಅವತ್ತು ನಮಗೂ ರೊಟ್ಟಿ ಬಡಿದು ಕೊಟ್ಟಳು. ಹೆಂಡತಿಯಾದರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಮೈ ಸುಧಾರಿಸಿದ ಮೇಲೆ ಕೆಲಸಕ್ಕೆ ಬಂದಳು, ಮೊದಲಿನಂತೆಯೇ ‘ಹಾಂ’ ಅಂದಳು. ಆ ಥಪ್ಪಿ ಇದ್ದ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಥಪ್ಪಿ ಇಳಿಯುತ್ತ ಬಂದು ಹಲಸು ಮಾತ್ರ ಉಳಿಯಿತು. ಪೋಂಡೆ ಪೇಟೆಯ ಬಡಗಿಯೊಬ್ಬ ಬೆರಳು ಮಡಚಿ ತಟ್ಟಿ ನೋಡಿ, ಇಂಥ ಒಣಗಿದ ಮಾಲು ಸಿಗುವುದಿಲ್ಲ, ತನಗೇ ಬೇಕು ಅಂದ. ಮಾಲೀಕರು ನನ್ನ ಮುಖ ನೋಡಿದರು. ನಾನು ಅವಳ ಮುಖ ನೋಡಿದೆ.

“ಕೊಟ್ಟುಬಿಡ್ರಿ,” ಅಂದಳು. ಮಾಲೀಕರು ಬೇರೆ ಜೋಡಿಯನ್ನು ಕರೆಯಹೋದಾಗ ತಡೆದಳು. “ಬ್ಯಾಡ್ರಿ. ನಾವ ಒಟ್ಟಿದ್ದು, ನಾವ ಎತ್ತತೇವಿ.”

ಮೊದಲ ಹಲಗೆ ಹೊತ್ತೆವು. ಹಸಿಯಿದ್ದಾಗ ಹೆಗಲು ಇಳಿಸಿಬಿಡುವಂತಿದ್ದದ್ದು ಈಗ ಹಗುರವಾಗಿತ್ತು. ಟೆಂಪೊ ಹತ್ತಿರ ಹೋಗಿ ನಿಂತೆ. ಹಿಂದಿನಿಂದ ಮಾತು ಬರಲಿಲ್ಲ. ಬಡಗಿ ಇಳಿಸಲು ಕೈಸನ್ನೆ ಮಾಡಿದ. ಹಲಗೆ ನಡುಗುತ್ತಿದ್ದದ್ದು ನನ್ನ ಹೆಗಲಿಗೆ ತಿಳಿಯಿತು. ಅವಳು ಅಳುತ್ತಿದ್ದಳು. ತಿರುಗಿ ನೋಡುವಂತಿರಲಿಲ್ಲ, ಬಿಟ್ಟು ಹೋಗಿ ಹಿಡಿದುಕೊಳ್ಳುವಂತೆಯೂ ಇರಲಿಲ್ಲ. ನಾನೂ ಅಳುತ್ತ, ಅವಳ ‘ಹಾಂ’ ಬರುವವರೆಗೆ ಹಾಗೆಯೇ ಹೊತ್ತು ನಿಂತೆ.